ಚಹಾ ಬಣ್ಣದ ಸಾಲು

ಮೊಂಬಾಸಾದಲ್ಲಿ ಹಗಲು ಹತ್ತಾದರೆ ಸಾಕು
ಗೋಡೆಯೂ ಬೆವರುತ್ತದೆ.
ಚಹಾ ಹರಾಜಿನ ಕಚೇರಿ, ಎರಡನೇ ಮಹಡಿ,
ಕಿಟಕಿಯಾಚೆ ಬಂದರಿನ ಕ್ರೇನುಗಳು
ಏನನ್ನೋ ಮರೆತು ನಿಂತವರಂತೆ.

ಮ್ವಾನಹಮೀಸಿಗೆ ಈಗ ಐವತ್ತೆಂಟು.
ಕಾಗದದ ಕಾಲದಲ್ಲಿ ದಪ್ಪ ಪುಸ್ತಕದ ಮೇಲೆ
ಮರದ ಅಡಿಕೋಲು ಇಟ್ಟು ಓದಿದವಳು:
ಲಾಟಿನ ಸಂಖ್ಯೆ, ತೋಟ, ದರ್ಜೆ, ಚೀಲ, ತೂಕ, ಬೆಲೆ.
ಸಾಲು ಮುಗಿದರೆ ಕೋಲು ಒಂದು ಬೆರಳು ಕೆಳಗೆ.
ಈಗಲೂ ಅದನ್ನೇ ಪರದೆಗೆ ಒತ್ತಿ ಹಿಡಿಯುತ್ತಾಳೆ.
ಗಾಜಿನ ಮೇಲೆ ಗೀರು ಬಿದ್ದಿದೆ.

"ನೋಡು ಬರಾಸಾ," ಎಂದಳು, "ಹೋದ ಮಂಗಳವಾರ
ಕಣ್ಣು ಜಾರಿತು.
ಕಾಪ್ಕಿರೋಕ್ ತೋಟದ ಬೆಲೆ ಕೆಳಗಿನವರ ಪಾಲಾಯಿತು.
ಸಂಜೆಯೊಳಗೆ ಸರಿಮಾಡಿದೆ, ಯಾರೂ ಬೈಯಲಿಲ್ಲ.
ಆದರೆ ಆ ಮೂರು ಗಂಟೆ
ಬೆಟ್ಟದಲ್ಲಿ ಯಾರೋ ಕಿತ್ತ ಎಲೆಗೆ
ಇನ್ಯಾರದೋ ಹೆಸರಿತ್ತು."

ನನ್ನ ಪಾಲಿಗೆ ಒಂದೇ ಸಾಲಿನ ಕೆಲಸ.
ಮೌಸ್ ಎಲ್ಲಿ ನಿಂತಿತೋ ಆ ಸಾಲು ಬಣ್ಣ ತಾಳಲಿ,
ಸರಿದರೆ ಬಿಡಲಿ.
ಲೋಟ ಖಾಲಿಯಾಗುವಷ್ಟರಲ್ಲಿ ಮುಗಿಸುತ್ತೇನೆ ಎಂದೆ.

ಹಳದಿ ಹಾಕಿದೆ. "ಮಟಾಟು ಬಸ್ಸಿನ ಹಾಗೆ ಕೂಗುತ್ತಿದೆ."
ನೀಲಿ ಹಾಕಿದೆ. "ಆಸ್ಪತ್ರೆಯ ಟ್ಯೂಬ್‌ಲೈಟು."
ಹಸಿರಿಗೆ ಏನೂ ಹೇಳಲಿಲ್ಲ,
ಕನ್ನಡಕ ತೆಗೆದು ಒರೆಸಿಕೊಂಡಳು.
ಕೊನೆಗೆ ತನ್ನ ಲೋಟ ಎತ್ತಿ ಕಿಟಕಿಗೆ ಹಿಡಿದಳು:
ಎರಡನೇ ಸಲ ನೀರು ಹೊಯ್ದ, ಅರ್ಧ ಕುಡಿದ ತೆಳು ಚಹಾ.
"ಇದು."
ಆ ಬಣ್ಣದ ಆರು ಅಂಕಿ ಹುಡುಕಲು ಮಧ್ಯಾಹ್ನವಾಯಿತು.

ಬಾಣ ಸರಿದಂತೆ ಸಾಲು ಎದ್ದು ಸಾಲು ಮಲಗುತ್ತದೆ,
ಗಿಡಗಳ ನಡುವೆ ಬುಟ್ಟಿ ಹೊತ್ತವಳು ಹಾದಂತೆ.
ಇಲ್ಲ, ಹಾಗೆ ಹೇಳಬಾರದು.
ಆ ಬೆಟ್ಟಗಳನ್ನು ನಾನು ನೋಡಿದ್ದು
ರಾತ್ರಿ ಬಸ್ಸಿನ ಕಿಟಕಿಯಿಂದ, ಅದೂ ಅರೆನಿದ್ದೆಯಲ್ಲಿ.

ನಾಲ್ಕರ ಹೊತ್ತಿಗೆ ಮತ್ತೆ ಕರೆದಳು.
ಚೆಪ್ಸೊರೆತ್ ತೋಟದ್ದು ಎರಡು ಸಾಲು,
ಮೇಲೆ ಪಿ.ಎಫ್. ಒನ್, ಕೆಳಗೆ ಡಸ್ಟ್,
ಎರಡಕ್ಕೂ ಸೇರಿ ಹೆಸರಿನ ಮನೆ ಒಂದೇ.
ಮೇಲಿನದನ್ನು ಮುಟ್ಟಿದರೆ ಹೆಸರೂ ಬೆಳಗಿತು.
ಡಸ್ಟನ್ನು ಮುಟ್ಟಿದರೆ ಡಸ್ಟ್ ಮಾತ್ರ.
"ಇದಕ್ಕೆ ತೋಟ ಇಲ್ಲವೇ?"

ಇದೆ. ಆದರೆ ಯಂತ್ರದ ಲೆಕ್ಕದಲ್ಲಿ
ಹೆಸರು ಹುಟ್ಟಿದ್ದು ಮೊದಲ ಸಾಲಿನ ಹೊಟ್ಟೆಯಲ್ಲಿ,
ಎರಡನೆಯದು ಪಕ್ಕಕ್ಕೆ ಬಂದು ಕೂತಿದೆ, ಅಷ್ಟೆ.
ಹೀಗೆಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು.
"ನಮ್ಮಮ್ಮ ಬದುಕಿಡೀ ಕುಡಿದದ್ದು ಡಸ್ಟೇ," ಎಂದಳು.

ಒಂದು ಸಾಲಿನ ಕೆಲಸ ನಲವತ್ತು ಸಾಲಾಯಿತು.
ಕೆಳಗೆ ಬೀದಿಯಲ್ಲಿ ಮರಗೆಣಸು ಕರಿಯುವ ವಾಸನೆ
ಎದ್ದು, ತಣಿದು, ಹೋಯಿತು.

ಅಡಿಕೋಲು ಈಗ ಕಿಟಕಿಯ ಸಂದಿಯಲ್ಲಿದೆ,
ಗಾಳಿಗೆ ಬಾಗಿಲು ಬಡಿಯದಿರಲೆಂದು.

ಮರುದಿನ ಅಸರ್ ನಮಾಜಿಗೆ ಎದ್ದು ಹೋದಳು.
ಕುರ್ಚಿ ಖಾಲಿ. ಮೇಲೆ ಫ್ಯಾನು.
ಕೈ ಬಿಟ್ಟಲ್ಲೇ ಉಳಿದ ಮೌಸ್,
ಪರದೆಯಲ್ಲಿ ಮುನ್ನೂರ ಹನ್ನೊಂದನೇ ಲಾಟು:
ಬೆಲೆಯ ಮನೆಯಲ್ಲಿ ಬರೀ ಗೀಟು,
ಯಾರೂ ಕೂಗದೆ ಮರಳಿದ ಹದಿನೆಂಟು ಚೀಲ.
ಅದನ್ನು ಯಾರೂ ಓದುತ್ತಿರಲಿಲ್ಲ.
ಬೆಳಗಿಕೊಂಡೇ ಇತ್ತು.

ಆ ಮೇಜಿನ ಮೇಲೆ ಒಂದು ಫೈಲು ಇಡಬೇಕಿತ್ತು ನಾನು.
ಮೌಸ್ ಅಲುಗದಂತೆ
ಇಟ್ಟು ಬಂದೆ.