ಬಿ ವಿಂಗಿನ ಇಂಟರ್‌ಕಾಮ್

ರಾತ್ರಿ ಒಂದೂವರೆ. ಡೊಂಬಿವಲಿಯ ಅಡುಗೆಮನೆ,
ಗ್ಯಾಸಿನ ಪಕ್ಕದಲ್ಲಿ ಲ್ಯಾಪ್‌ಟಾಪ್. ವೈಫೈ ನೆಟ್ಟಗೆ ಸಿಗುವುದು ಇಲ್ಲೇ.
ಪರೇಲಿನ ಲ್ಯಾಬಿನಲ್ಲಿ ನಾನೂರ ಹನ್ನೆರಡು ಜನರ ರಕ್ತ
ಪರೀಕ್ಷೆ ಮುಗಿಸಿ ಕೂತಿದೆ,
ರಿಪೋರ್ಟು ಮಾತ್ರ ಹೊರಡುತ್ತಿಲ್ಲ.

ಸಂಜೆ ತಾವ್ಡೆ ಡೇಟಾಬೇಸನ್ನು ಎತ್ತಿ
ಬೇರೆ ಕಂಟೇನರಿನಲ್ಲಿಟ್ಟು
ಏಳೂ ಹದಿನೆಂಟರ ಫಾಸ್ಟ್ ಹಿಡಿದು ಹೋದ. ಫೋನು ಸ್ವಿಚ್ ಆಫ್.
ಪರದೆಯ ತುಂಬ ಒಂದೇ ಸಾಲು,
ಕನೆಕ್ಷನ್ ರಿಫ್ಯೂಸ್ಡ್, ಕನೆಕ್ಷನ್ ರಿಫ್ಯೂಸ್ಡ್,
ಐದು ಸೆಕೆಂಡಿಗೊಮ್ಮೆ, ಕೈಸಾಲ ಕೇಳುವವನಂತೆ
ಮಾನ ಬಿಟ್ಟು.

ರಿಫ್ಯೂಸ್ಡ್ ಅಂದರೆ ನನಗೆ ಅರ್ಧ ಸಮಾಧಾನ.
ಟೈಮ್‌ಔಟ್ ಆದರೆ ಬಾವಿಗೆ ಕಲ್ಲು ಹಾಕಿ
ಸದ್ದಿಗೆ ಕಿವಿಗೊಟ್ಟ ಹಾಗೆ.
ಇದು ಹಾಗಲ್ಲ. ಬಾಗಿಲವರೆಗೆ ಹೋಗಿದ್ದೇವೆ,
ಬಾಗಿಲು 'ಇಲ್ಲ' ಅಂದಿದೆ.
ಇಲ್ಲ ಅನ್ನುವುದಕ್ಕೂ ಒಂದು ಬಾಯಿ ಬೇಕಲ್ಲ.

ಆದರೆ ಯಾರ ಬಾಗಿಲು?

ಇಂಟರ್‌ಕಾಮ್ ಕಿರುಚಿತು. ಎತ್ತಿ 'ಕೋಣ?' ಅಂದೆ.
ಈ ಊರಲ್ಲಿ 'ಯಾರು' ಅನ್ನಲು ಹಾಗೇ ಅನ್ನಬೇಕು.
ಹತ್ತೊಂಬತ್ತು ವರ್ಷವಾಯಿತು, ಈಗಲೂ ಹಾಗೆ ಕೇಳಿದಾಗೆಲ್ಲ
ಕತ್ತಲಲ್ಲಿ ಎಲ್ಲೋ ಒಂದು ಕೋಣ
ಮೆಲುಕು ನಿಲ್ಲಿಸಿ ನನ್ನನ್ನೇ ನೋಡುತ್ತದೆ.

ಹೊಸ ವಾಚ್‌ಮನ್. ನಿಮ್ಮ ಬಿರಿಯಾನಿ ಬಂದಿದೆ, ಮುನ್ನೂರ ನಾಲ್ಕು.
ನಾನು ತರಿಸಿಲ್ಲ.
ಬಿ ವಿಂಗ್ ಮುನ್ನೂರ ನಾಲ್ಕು, ಮ್ಯಾಡಮ್.
ಅಯ್ಯೋ ಮಾರಾಯ, ಎ ವಿಂಗಿನಲ್ಲಿ ಕೂತು ಮುನ್ನೂರ ನಾಲ್ಕು ಒತ್ತಿದರೆ
ನನ್ನ ಮನೆಯೇ ಬಡಿದುಕೊಳ್ಳುತ್ತದೆ.
ಬಿ ಬೇಕಾದರೆ ಮೊದಲು ಎರಡು ಒತ್ತು…

ಒತ್ತು ಅಂದವಳು ಅಲ್ಲೇ ನಿಂತೆ.
ರಿಸೀವರ್ ಇಡಲೂ ಮರೆತು ಸೆಟ್ಟಿಂಗ್ ಫೈಲ್ ತೆರೆದೆ.
ಇತ್ತು. ಡೇಟಾಬೇಸ್ ಎಲ್ಲಿ ಅನ್ನುವ ಕಡೆ
ಲೋಕಲ್‌ಹೋಸ್ಟ್.
ಇಲ್ಲೇ. ನನ್ನಲ್ಲೇ.
ನಿನ್ನೆಯವರೆಗೆ ಅದು ನಿಜ, ಇಬ್ಬರದೂ ಒಂದೇ ಒಲೆ.
ಈಗ ಪಾಲಾಗಿದೆ, ಗೋಡೆ ಎದ್ದಿದೆ,
ಇದಿನ್ನೂ ಹಳೆಯ ರೂಢಿಯಲ್ಲಿ
ಅಣ್ಣಾ, ಉಪ್ಪಿನ ಡಬ್ಬಿ ಎಲ್ಲಿ, ಅಂತ ತನ್ನ ಗೋಡೆಗೇ ಕೂಗಿ
ತನ್ನಿಂದಲೇ ಇಲ್ಲ ಅನ್ನಿಸಿಕೊಳ್ಳುತ್ತಿದೆ.

ಹೆಸರು ತಿದ್ದಿದೆ. ಮತ್ತೆ ಎಬ್ಬಿಸಿದೆ.
ಈ ಸಲ ಬೇರೆ ತಪ್ಪು: ಆ ಹೆಸರಿನವರು ಯಾರೂ ಗೊತ್ತಿಲ್ಲ.
ಬೇರೆ ತಪ್ಪು ಬಂದರೆ ನಮ್ಮ ಕಸುಬಿನಲ್ಲಿ
ಒಂದು ಚಹಾಕ್ಕೆ ಕಾರಣ.
ನೀರು ಕುದಿಯುವಷ್ಟರಲ್ಲಿ ಹೊಳೆಯಿತು,
ತಾವ್ಡೆ ಇವರಿಬ್ಬರನ್ನೂ ಬೇರೆ ಬೇರೆ ನೆಟ್‌ವರ್ಕಿನಲ್ಲಿ ಕೂರಿಸಿದ್ದಾನೆ,
ಪರಿಚಯ ಮಾಡಿಸದೆ ಹೋಗಿದ್ದಾನೆ.
ಒಂದೇ ಸಾಲಿನ ಆಜ್ಞೆ. ಎಂಟರ್.

ಶುಂಠಿ ಜಜ್ಜಿದ ಕೈಯಲ್ಲೇ ನೋಡುತ್ತ ನಿಂತೆ.
ಮೊದಲು ಹೊರಟದ್ದು ಸುಮತಿ ಗಾವಂಡ್, ಐವತ್ತಾರು,
ಹಿಮೋಗ್ಲೋಬಿನ್ ಒಂಬತ್ತು ಪಾಯಿಂಟ್ ಎರಡು.
ಆಮೇಲೆ ಲೆಕ್ಕವಿಡಲು ಆಗದಂತೆ
ಸಕ್ಕರೆ, ಥೈರಾಯ್ಡ್, ಪ್ಲೇಟ್ಲೆಟ್,
ಮಲಗಿದವರ ದಿಂಬಿನ ಪಕ್ಕ ಒಂದೊಂದೇ ಫೋನು
ಮಿಣುಕಿರಬೇಕು.

ಹಾಲು ಉಕ್ಕಿತು. ಒರೆಸುತ್ತಿದ್ದೆ,
ಮತ್ತೆ ಇಂಟರ್‌ಕಾಮ್.
ಮ್ಯಾಡಮ್, ಎರಡು ಒತ್ತಿಯೇ ಮಾಡಿದೆ. ರಿಂಗ್ ಹೋಗುತ್ತದೆ,
ಯಾರೂ ಎತ್ತುತ್ತಿಲ್ಲ. ಹುಡುಗ ಬೈಕ್ ಆಫ್ ಮಾಡದೆ ನಿಂತಿದ್ದಾನೆ.

ಎಷ್ಟು ಹೊತ್ತು ಕಾದೆ, ಅಂತ ಕೇಳಿದೆ.