ಹಿಂಬಾಗಿಲ ಆಳು

ಗ್ರಿಮ್ಸ್‌ಬಿಯ ಹಡಗುಕಟ್ಟೆ. ರಾತ್ರಿ ಎರಡೂವರೆ.
ಏಳಕ್ಕೆ ಮೀನಿನ ಹರಾಜು;
ಅಷ್ಟರೊಳಗೆ ಈ ಆಳನ್ನು ಕೆಲಸಕ್ಕೆ ಹಚ್ಚಬೇಕು.

ಪರದೆಯಿಲ್ಲ ಇವನಿಗೆ, ಗುಂಡಿಯಿಲ್ಲ, ಮುಖವಿಲ್ಲ.
ಹತ್ತು ಸೆಕೆಂಡಿಗೊಮ್ಮೆ ಆರೂ ಸರ್ವರುಗಳ ಕದ ತಟ್ಟಿ
'ಇದ್ದೀಯಾ?' ಅನ್ನಬೇಕು.
ಇದ್ದೇನೆ ಎಂದವರ ಹೆಗಲಿಗೆ ಗಿರಾಕಿಗಳ ಪಾಲು.
ಮೂರು ಸಲ ಕೂಗಿದರೂ ಓಗೊಡದವರನ್ನು
ಲೋಡ್ ಬ್ಯಾಲೆನ್ಸರಿನ ಪಟ್ಟಿಯಿಂದ ಮೆಲ್ಲಗೆ ಬಿಡಿಸಬೇಕು,
ಕೈಯಲ್ಲಿದ್ದ ಕೆಲಸ ಮುಗಿಸಲು ಬಿಟ್ಟು.

ಮೊದಲ ಸಲ ಎಬ್ಬಿಸಿದೆ. ಎದ್ದ, ಸತ್ತ.
ಕೀಲಿಯ ಫೈಲು ಬೇರೆಯವರ ಹೆಸರಲ್ಲಿತ್ತು.
ಎರಡನೆಯ ಸಲ ಎದ್ದವನೇ
ಆರೂ ಸತ್ತವೆಂದು ಡಂಗುರ ಹೊಡೆದ.
ತಪ್ಪು ಪೋರ್ಟು ಕೊಟ್ಟವಳು ನಾನೇ,
ಬಂದರಿನಲ್ಲಿ ಕೂತು!

ಚಹಾ ತಂದ ರಾತ್ರಿ ಕಾವಲಿನ ಡೋರೀನ್
ಕಪ್ಪಿಳಿಸುತ್ತ ಕೇಳಿದಳು:
'ಎಲ್ಲರನ್ನೂ ಇವನು ನೋಡಿದರೆ, ಇವನನ್ನು?'
ಅಷ್ಟರಲ್ಲಿ ಅವಳ ಸೊಂಟದ ರೇಡಿಯೋ ಗೊರಗುಟ್ಟಿತು.
'ಇದ್ದೀನಪ್ಪ, ಇದ್ದೀನಿ' ಅಂದಳು
ಐಸಿನ ಗೋದಾಮಿನ ಕಡೆಗೆ ಕಾಲೆಳೆಯುತ್ತ.
ನಾನು ಒಂದು ಸಾಲು ಸೇರಿಸಿದೆ:
ಬಿದ್ದರೆ, ಐದು ಸೆಕೆಂಡು ತಡೆದು, ಎಬ್ಬಿಸು.

ಏಳೂ ಹತ್ತಕ್ಕೆ ನಾಲ್ಕನೆಯ ಸರ್ವರು ಉಸಿರು ಬಿಟ್ಟಿತು.
ಕೆಳಗೆ ಹ್ಯಾಡಕ್ ಪೆಟ್ಟಿಗೆಯ ಸವಾಲು ಏರುತ್ತಲೇ ಇತ್ತು;
ಯಾರೋ ನಕ್ಕರು, ಯಾರೋ ಬೂಟಿನ ಮಂಜುಗಡ್ಡೆ ಒದರಿದರು.
ಲಾಗಿನಲ್ಲಿ ಒಂದೇ ಸಾಲು:
ನಾಲ್ಕು, ಹೊರಗೆ. ಐದು ಮಂದಿ ಹೊರುತ್ತಿದ್ದಾರೆ.

ಗೇಟಿನ ಬಳಿ ಚಾರ್ಜಿಗಿಟ್ಟ ರೇಡಿಯೋ.
ಡೋರೀನ್ ಆಗಲೇ ಬಸ್ಸಿನಲ್ಲಿ, ಬಾಯಿ ತೆರೆದು ನಿದ್ದೆ.