ಕೆಳಗಿಡುವುದು

ಬ್ಯಾಲರಾಟ್ ಊರಿನ ಲೈಬ್ರರಿ, ಮಂಗಳವಾರ, ಸಂಜೆ ಆರು.
ಹೀಟರ್ ಪಕ್ಕದ ಕುರ್ಚಿಯ ಮೇಲೆ ಎಲ್ಲರಿಗೂ ಕಣ್ಣು.
ಮಿಸೆಸ್ ಟ್ರೆಗೆಂಜಾ ಹಲಗೆಯ ಮೇಲೆ ಎರಡು ಪದ ಬರೆದು
ಅಡಿಗೆರೆ ಎಳೆದರು: ಪುಟ್ ಡೌನ್.
ಇದೇನು ಮಹಾ, ಎಂದುಕೊಂಡೆ. ಪುಟ್ ಅಂದರೆ ಇಡು,
ಡೌನ್ ಅಂದರೆ ಕೆಳಗೆ. ಸೊಂಟದ ಕೊಡ ಕಟ್ಟೆಗೆ ಇಳಿಸಿದ ಹಾಗೆ.

ಅಷ್ಟೇ ಅಲ್ಲವಂತೆ.
ನ್ಯಾಬೋಲ್ ಮಗುವನ್ನು ಒಂದು ಗಂಟೆಗೆ ಪುಟ್ ಡೌನ್ ಮಾಡುತ್ತಾಳೆ,
ಅಂದರೆ ಮಲಗಿಸುತ್ತಾಳೆ; ಅದು ಒಂದೂ ಹತ್ತಕ್ಕೆ ಎದ್ದು ಕೂತಿರುತ್ತದೆ.
ಮನೆ ಕೊಳ್ಳಲು ಮುಂಗಡ ಕೊಟ್ಟರೂ ಅದೇ ಮಾತು.
ಮಾತಿನ ನಡುವೆ ಫೋನ್ ಕುಕ್ಕಿದರೂ.
ಗಂಡ ನಾಲ್ಕು ಜನರೆದುರು ಹೆಂಡತಿಯನ್ನು ಹಗುರ ಮಾಡಿದರೂ.
ಆ ಉದಾಹರಣೆ ಬರೆದದ್ದೇ ಮೇಡಂ ಯಾಕೋ ಬೇಗ ಒರೆಸಿಬಿಟ್ಟರು.
ಹಿಂದೆ ಇದೇ ಊರಲ್ಲಿ ಚಿನ್ನ ಅಗೆಯುವವರು ದಂಗೆ ಎದ್ದಾಗ
ಬೆಳಕು ಹರಿಯುವ ಮೊದಲೇ ಸಿಪಾಯಿಗಳು ಬಂದಿದ್ದರಂತೆ.
ಅದೂ ಪುಟ್ ಡೌನೇ.

ಎಲ್ಲವನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡೆ.
ಇಳಿಸಿಕೊಳ್ಳುವುದೂ ಅದೇ ಎಂದು ಬಸ್ಸಿನಲ್ಲಿ ಹೊಳೆಯಿತು.
ಒಂದು ಅರ್ಥ ಉಳಿದಿದೆ, ಮುಂದಿನ ವಾರ, ಅಂದಿದ್ದರು.

ಅದಕ್ಕೂ ಮೊದಲು ಶುಕ್ರವಾರ ಬಂತು.

ನನ್ನ ಕೆಲಸ ದನದಾಸ್ಪತ್ರೆಯಲ್ಲಿ ಎಂದು ಅವ್ವನಿಗೆ ಹೇಳಿದ್ದೇನೆ.
ಬರುವುದು ನಾಯಿ, ಬೆಕ್ಕು, ಒಮ್ಮೆ ಒಂದು ಗಿಣಿ.
ನೆಲ ಒರೆಸುತ್ತೇನೆ, ಬಟ್ಟೆ ಒಗೆಯುತ್ತೇನೆ.
ಬೆಳಿಗ್ಗೆ ಎಂಟು. ಕಾರುಗಳ ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು.
ಕ್ಲೆಮ್ ಹ್ಯಾಲೊರನ್ ಬಂದ, ಎಂಬತ್ತರ ಆಸುಪಾಸು,
ಎರಡೂ ತೋಳಲ್ಲಿ ಕುರಿ ಕಾಯುವ ನಾಯಿ,
ಹೆಸರು ಸ್ಪ್ಯಾನರ್, ಹಿಂಗಾಲು ಎರಡೂ ಜೋತುಬಿದ್ದಿದ್ದವು.
ಕೌಂಟರಿನಲ್ಲಿ ಯಾರೂ ಇರಲಿಲ್ಲ. ನನ್ನನ್ನೇ ನೋಡಿ
'ಐ ಹ್ಯಾವ್ ಟು ಪುಟ್ ಹಿಮ್ ಡೌನ್' ಅಂದ.

ಪಾಪ, ಎಷ್ಟು ದೂರದಿಂದ ಹೊತ್ತು ತಂದಿದ್ದಾನೋ!
'ಯೆಸ್ ಯೆಸ್, ಪುಟ್ ಹಿಮ್ ಡೌನ್, ಪ್ಲೀಸ್' ಎನ್ನುತ್ತ
ಓಡಿಹೋಗಿ ಟವೆಲ್ ತಂದೆ.
ಡ್ರೈಯರಿನಿಂದ ಆಗಷ್ಟೇ ತೆಗೆದದ್ದು, ರೊಟ್ಟಿಯ ಹಾಗೆ ಬೆಚ್ಚಗಿತ್ತು.
ಮಡಿಕೆ ಬಿಡಿಸಿ ಹಾಸಿ, ಇಲ್ಲಿ, ಎಂದು ಕೈ ತಟ್ಟಿ ತೋರಿಸಿದೆ.

ಮುದುಕ ನನ್ನನ್ನು ನೋಡಿದ. ಟವೆಲ್ ನೋಡಿದ.
ದವಡೆಯಲ್ಲಿ ಏನೋ ಸಡಿಲಾಯಿತು.
ಒಂದು ಮಂಡಿ ಊರಿದ, ತಡೆದು ಇನ್ನೊಂದು,
ಮೊದಲು ಸೊಂಟ, ಆಮೇಲೆ ಬೆನ್ನು, ಕೊನೆಗೆ ಅಂಗೈ ಅಡಿಯಲ್ಲಿಟ್ಟು ತಲೆ.
ನ್ಯಾಬೋಲ್ ಮಗುವನ್ನು ಇಡುವುದು ಹೀಗೆಯೇ ಇರಬೇಕು.
ನಾಯಿ ಟವೆಲ್ ಮೂಸಿ ಬಾಲವನ್ನು ಒಮ್ಮೆ ನೆಲಕ್ಕೆ ಬಡಿಯಿತು.

ಡಾಕ್ಟರಮ್ಮ ಬಂದು ಒಂದು ಫಾರಂ ಕೊಟ್ಟಳು.
'ಪುಟ್ ಯುವರ್ ನೇಮ್ ಡೌನ್ ಹಿಯರ್, ಕ್ಲೆಮ್.'
ಅವನು ಪೆನ್ನು ಹಿಡಿದ ರೀತಿ ನೋಡಿ
ಉಳಿದ ಅರ್ಥ ಯಾವುದೆಂದು ತಿಳಿಯಿತು.

ಹೋಗುವಾಗ ಕೈಯಲ್ಲಿ ಬರೀ ಕೊರಳಪಟ್ಟಿ.
ಟವೆಲ್ ಕೊಡುತ್ತೀಯಾ, ಎಂದ. ಅವನ ಜೊತೆ ಹೂಳಬೇಕು.
ಲೆಕ್ಕದ ಪುಸ್ತಕದಲ್ಲಿ ಒಂದು ಟವೆಲ್ ಹರಿದಿದೆ ಎಂದು ಬರೆದೆ.

ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಇಡುವುದನ್ನೆಲ್ಲ ಎಣಿಸಿದೆ.
ಹೆಜ್ಜೆ ಇಡು, ಮುತ್ತಿಡು, ಕೋಳಿ ಮೊಟ್ಟೆ ಇಡುತ್ತದೆ,
ಒಲೆಯ ಮೇಲೆ ಎಸರಿಡು, ಬಳೆ ಒತ್ತೆ ಇಡು,
ತೊಟ್ಟಿಲ ಕೂಸಿಗೆ ಹೆಸರಿಡು. ನಮ್ಮ ಗದಗಿನ ಕಡೆ
ಹೆಸರಿಡುವುದೆಂದರೆ ಹುಳುಕು ಎತ್ತುವುದೂ ಹೌದು:
ಅತ್ತೆ ನನ್ನ ರೊಟ್ಟಿಗೆ ಹದಿಮೂರು ವರ್ಷ ಹೆಸರಿಟ್ಟಳು.
ಬೆಂಕಿ ಇಡು. ಎಡೆ ಇಡು.
ಕೊನೆಗೆ ಒಂದು ಕೋ ಅಂಟಿಸಿದರೆ, ಇಟ್ಟುಕೋ.

ಮಂಗಳವಾರ ಹೀಟರ್ ಪಕ್ಕದ ಕುರ್ಚಿ ನನಗೇ ಸಿಕ್ಕಿತು.
ಉಳಿದ ಅರ್ಥ ಯಾರಿಗೆ ಗೊತ್ತು, ಮೇಡಂ ಕೇಳಿದರು.
ನಾನು ಕೈ ಎತ್ತಲಿಲ್ಲ.
ಕೈಚೀಲ ನೆಲದ ಮೇಲೆ ಇಟ್ಟಿದ್ದೆ. ಬಗ್ಗಿ, ಎತ್ತಿ,
ತೊಡೆಯ ಮೇಲೆ ಇಟ್ಟುಕೊಂಡೆ.